ತುದಿಯ ಕಡ್ಡಿ

ನರ್ಸರಿಯ ಮೇಸ್ತ್ರಿಗೆ ಇಬ್ಬರು ಗಂಡುಮಕ್ಕಳು. ಆದರೆ ಪ್ರೀತಿ ಅಂತ ಅವನು ಇಟ್ಟುಕೊಂಡಿದ್ದು ಒಂದು ಮರದ ಮೇಲೆ. ನರ್ಸರಿ ಯಜಮಾನಿಯ ಮಹಡಿ ಮನೆಗೆ ಒತ್ತಿಕೊಂಡು ನಿಂತಿದ್ದ ಆ ಸೂಜಿ ಎಲೆಯ ಮರ ವರ್ಷವಿಡೀ ಹಸಿರು. ನೆಟ್ಟಗೆ ಒಂದೇ ಕಾಂಡ, ಅದರ ಸುತ್ತ ಅಂತಸ್ತು ಅಂತಸ್ತಾಗಿ ಕೊಂಬೆ. ಗೇಣುದ್ದದ ಕಡ್ಡಿಯಿಂದ ಅವನೇ ಬೆಳೆಸಿದ್ದು. ಹಿರಿಮಗ ಸತ್ತಾಗ ಒಂದು ಹನಿ ಕಣ್ಣೀರು ಹಾಕದವನು ಗಾಳಿಗೆ ಆ ಮರದ ಕೊಂಬೆ ಮುರಿದಾಗ ಎರಡು ಹೊತ್ತು ಊಟ ಬಿಟ್ಟಿದ್ದ. ಇಂಥವರೂ ಇರುತ್ತಾರೆ, ಏನು ಮಾಡುವುದು.

ಆ ಸತ್ತ ಮಗನ ಹೆಂಡತಿ, ಈ ಮನೆಯ ಸೊಸೆ, ಗಂಡ ಹೋದ ತಿಂಗಳೇ ನರ್ಸರಿಗೆ ಕೂಲಿಗೆ ಬಂದಳು. ಕೈಗುಣ ಅಂದರೆ ಅವಳದು. ಒಣಗಿತು ಅಂತ ಎಸೆದ ಕಡ್ಡಿಯೂ ಅವಳು ನೆಟ್ಟರೆ ಚಿಗುರುತ್ತಿತ್ತು. ಮೇಸ್ತ್ರಿಗೆ ಮೊಣಕಾಲು ಹಿಡಿದುಕೊಂಡು ಕಣ್ಣಿಗೆ ಪೊರೆ ಬರತೊಡಗಿದಾಗ ಯಜಮಾನಿ ಹೇಳಿಯೇಬಿಟ್ಟಳು: ಈ ಮರದಿಂದ ಇಪ್ಪತ್ತು ಸಸಿ ಎಬ್ಬಿಸಿ ತೋರಿಸಲಿ, ಮೇಸ್ತ್ರಿಯ ಕೆಲಸವೂ ಹಿಂದಿನ ಎರಡು ಕೋಣೆಯ ಮನೆಯೂ ಸೊಸೆಗೇ.

ಮುದುಕನೋ, ಅದನ್ನು ಕಿರಿಮಗನಿಗೆ ಅಂತ ಮನಸ್ಸಿನಲ್ಲೇ ಬರೆದುಕೊಟ್ಟಾಗಿತ್ತು. ಕಿರಿಮಗ ನೀರು ಹಾಕಿದರೆ ಗಿಡ ಕೊಳೆಯುತ್ತಿತ್ತು, ಆ ಮಾತು ಬೇರೆ. ಸೊಸೆ ಕಡ್ಡಿ ಕೇಳಿದಾಗ ಮುದುಕ ನಗುನಗುತ್ತಲೇ ಪಕ್ಕದ ಕೊಂಬೆಗಳಿಂದ ಇಪ್ಪತ್ತು ಕತ್ತರಿಸಿಕೊಟ್ಟ. ಓರೆಯಾಗಿ ಕೊಯ್ಯಬೇಕು, ಬುಡದ ಎಲೆ ಸವರಬೇಕು, ಒದ್ದೆ ಮರಳಿನಲ್ಲಿ ಊರಿ ಪ್ಲಾಸ್ಟಿಕ್ ಮುಚ್ಚಿ ನೆರಳಿನಲ್ಲಿಡಬೇಕು ಅಂತ ಬಾಯಿತುಂಬ ಹೇಳಿಕೊಟ್ಟ. ಒಂದನ್ನು ಮಾತ್ರ ಹೇಳಲಿಲ್ಲ.

ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಇಪ್ಪತ್ತಕ್ಕೆ ಇಪ್ಪತ್ತೂ ಬೇರು ಬಿಟ್ಟವು. ಮಾವ ಎಲ್ಲರೆದುರು ಹೊಗಳಿದ. ಪಾಪ, ಅವಳು ಹಿಗ್ಗಿದಳು. ಆದರೆ ಎರಡನೇ ವರ್ಷ ಸಸಿಗಳು ಮೇಲಕ್ಕೆ ಏಳುವ ಬದಲು ಒಂದೊಂದಾಗಿ ಅಡ್ಡಕ್ಕೆ ಚಾಚಿ ಮಲಗಿದವು. ಕೋಲು ಕೊಟ್ಟು ಕಟ್ಟಿದಳು. ಬಿಚ್ಚಿದರೆ ಮತ್ತೆ ಅಡ್ಡ. ಯಜಮಾನಿ ಬಂದು ನೋಡಿ, ಮರ ಕೇಳಿದರೆ ಬಳ್ಳಿ ಬೆಳೆಸಿದ್ದೀಯಲ್ಲ ಅಂದಳು. ಕೆಲಸ ಮೈದುನನಿಗೆ ಹೋಯಿತು. ಸೊಸೆಯ ಕೈಗೆ ಮಹಡಿ ಮನೆಯ ಟೆರೇಸ್ ಗುಡಿಸುವ ಪೊರಕೆ ಬಂತು.

ಅಂದು ಊಟಕ್ಕೆ ಕೂತಾಗ ಮುದುಕನ ಬಾಯಿ ಸುಮ್ಮನಿರಲಿಲ್ಲ.

"ಪಕ್ಕದ ಕೊಂಬೆಯ ಕಡ್ಡಿ ಬೇರು ಬಿಟ್ರೂ ಪಕ್ಕಕ್ಕೇ ಬೆಳೆಯೋದು ಕಣಮ್ಮ. ತಾನು ಕೊಂಬೆ ಅನ್ನೋದನ್ನ ಅದು ಮರೆಯೋಲ್ಲ. ನೀನೂ ಮರೀಬೇಡ. ನೆಟ್ಟಗೆ ಮರ ಬೇಕಾದ್ರೆ ಮರದ ತುದೀನೇ ಕಡಿದು ನೆಡಬೇಕು. ಕಡಿದ್ರೆ ತಾಯಿಮರ ಮೊಂಡು. ನನ್ನ ಜೀವ ಇರೋತನಕ ಅದನ್ನ ಯಾರೂ ಮುಟ್ಟೋ ಹಾಗಿಲ್ಲ."

ಮೈದುನ ನೆತ್ತಿಗೇರುವಷ್ಟು ನಕ್ಕ. ಅವಳು ಅವನಿಗೆ ನೀರು ಕೊಟ್ಟು ತಟ್ಟೆಗಳನ್ನು ಎತ್ತಿದಳು.

ಟೆರೇಸಿನ ಗೋಡೆಯಿಂದ ಮರದ ತುದಿ ಒಂದೇ ಮೊಳ. ಮೊದಲ ದಿನ ಸುಮ್ಮನೆ ಗುಡಿಸಿ ಬಂದಳು, ಎರಡನೇ ದಿನವೂ. ಮೂರನೇ ದಿನ ಮಟಮಟ ಮಧ್ಯಾಹ್ನ ಸೊಂಟದಲ್ಲಿ ಚಾಕು ಸಿಕ್ಕಿಸಿಕೊಂಡು ಹೋದಳು. ಮಾವ ಹೇಳಿಕೊಟ್ಟ ಹಾಗೇ ತುದಿಯನ್ನು ಓರೆಯಾಗಿ ಕೊಯ್ದಳು. ಕೆಳಗೆ ಓಡಾಡುವವರು ಯಾರು ಕತ್ತೆತ್ತಿ ನೋಡುತ್ತಾರೆ?

ಆ ವಾರವೇ ಮುದುಕ ಹಾಸಿಗೆ ಹಿಡಿದ, ಕಣ್ಣು ಪೂರ್ತಿ ಮಂಜು. ಮನೆಯ ಮೂಲೆಯಲ್ಲಿ ಆ ತುದಿ ನೆಟ್ಟ ಕುಂಡಕ್ಕೆ ಅವಳು ನೀರು ಚಿಮುಕಿಸುವ ಸದ್ದು ಕೇಳಿದರೆ ಸಾಕು, ಮತ್ತೆ ಮಲಗೋ ಗಿಡವಾ ಅಂತ ಕಿಚಾಯಿಸುವನು. ಒಂದೂವರೆ ವರ್ಷ ಕಿಚಾಯಿಸಿದ. ಅವಳು ಅವನಿಗೆ ಉಣಿಸಿದಳು, ಮೈ ಒರೆಸಿದಳು, ಗಿಡಕ್ಕೆ ನೀರು ಹಾಕಿದಳು.

ಒಂದು ಬೆಳಿಗ್ಗೆ ಕುಂಡವನ್ನು ಮಂಚದ ಪಕ್ಕಕ್ಕೆ ತಂದಿಟ್ಟು ಅವನ ಕೈ ಹಿಡಿದು ಗಿಡದ ಮೇಲಿಟ್ಟಳು. ಬೆರಳು ಕಾಂಡ ಹಿಡಿದು ಮೇಲೆ ಹತ್ತಿತು. ನೆಟ್ಟಗಿತ್ತು. ಸುತ್ತಲೂ ತಡವಿದ. ಎಲ್ಲ ದಿಕ್ಕಿಗೂ ಒಂದೊಂದು ಎಳೆ ಕೊಂಬೆ, ಒಟ್ಟು ಐದು.

"ಎಲ್ಲಿಂದ ಕಡಿದೆ?"

"ನೀವೇ ಹೇಳಿದ್ರಲ್ಲ ಮಾವ. ತುದಿಯಿಂದ."

ಅವನು ಕೈ ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. "ಸರಿಯಾಗಿ ಮುಟ್ಟಿ ನೋಡಿ," ಅಂದಳು.

ಹಿರಿಮಗ ಸತ್ತಾಗ ಅಳದವನು ಅಂದು ಗೊಳೋ ಅಂತ ಅತ್ತ. ಅವಳು ಅವನ ಕಣ್ಣು ಒರೆಸಿ, ಅವನು ಕೈ ಚಾಚಿದಾಗೆಲ್ಲ ಸಿಗಲಿ ಅಂತ ಕುಂಡವನ್ನು ತಲೆದಿಂಬಿಗೆ ಇನ್ನಷ್ಟು ಹತ್ತಿರ ಸರಿಸಿ, ಟೆರೇಸ್ ಗುಡಿಸಲು ಹೋದಳು.