ಅಣ್ಣನಿಗಿಲ್ಲದ ಪೆಟ್ಟಿಗೆ

ಅಣ್ಣನ ಕಾಗದಕ್ಕೆ ಒಂದು ಸಹಿ ಬೇಕಾಗಿತ್ತು. ನಾನು ಹಾಕಲಿಲ್ಲ.

ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚುನಾವಣೆ. ಅಣ್ಣ ಅರಭಾವಿಯ ಹತ್ತಿರ ತವರಿನ ಹೊಲ ನೋಡಿಕೊಂಡಿದ್ದ. ನಾನು ಮೂಡಲಗಿಯ ಸೊಸೆ. ಸರಕಾರಕ್ಕೆ ಕಡ್ಡಾಯವಾಗಿ ಅಳೆಯಬೇಕಾದ ಲೇವಿ ಜೋಳಕ್ಕೆ ಬಂದವರು ಅವನ ಹಗೇವಿನ ಬಾಯಿ ತೆಗೆಸಿ, ನೆಲದೊಳಗಿನ ಕಾಳಿಗೆ ಸಲಾಕೆ ಚುಚ್ಚಿ ನೋಡಿದ್ದರು. ಬೆಲ್ಲದ ಬಂಡಿ ಹುಕ್ಕೇರಿಗೆ ಹೋಗಬೇಕೆಂದರೂ ಪರವಾನಗಿ. ಭಾಷಣಕ್ಕೆ ಬಂದವರಲ್ಲಿ ಒಬ್ಬರು ಎಲ್ಲವನ್ನೂ ಸರಕಾರ ಮಾಡುತ್ತದೆ ಎಂದರೆ, ಇನ್ನೊಬ್ಬರು ಅದಕ್ಕಿಂತ ಹೆಚ್ಚು ಮಾಡುತ್ತದೆ ಎನ್ನುತ್ತಿದ್ದರು.

“ಎಲ್ಲಾರೂ ನಮ್ಮ ಕೈ ಹಿಡದ ನಡಸ್ತಾರಂತ. ಕೈ ಬಿಡ್ರಿ, ನಾವ ನಡೀತೀವಿ ಅನ್ನಾಂವ ಒಬ್ಬನರೆ ಬ್ಯಾಡೇನ?” ಎಂದು ಅಣ್ಣ ತಾನೇ ನಿಲ್ಲಲು ಹೊರಟ.

“ಗುರುತು ಏನ್ರಿ ಭಾವಾ, ಹಗೇವ ಏನು?” ಎಂದರು ನನ್ನ ಯಜಮಾನರು.

“ಖರೇನ. ಮುಚ್ಚಿದ ಹಗೇವ!” ಅಣ್ಣ ನಕ್ಕ.

ಅವನು ಹೋದ ಮೇಲೆ ಯಜಮಾನರು ನಗಲಿಲ್ಲ. ನಮ್ಮದು ಲೈಸೆನ್ಸಿನ ಮೇಲೆ ನಡೆಯುವ ಸೀಮೆಎಣ್ಣೆ ಅಂಗಡಿ. “ನೀ ಸಹಿ ಮಾಡಿದ್ರ ನಾಳಿ ಅಂಗಡಿಗೆ ಕೀಲಿ ಬೀಳತೈತಿ, ನೋಡ.”

ಉಮೇದುವಾರಿಕೆಗೆ ಇಬ್ಬರ ಸಹಿ ಬೇಕು. ಒಬ್ಬ ಗೆಳೆಯ ಹಾಕಿದ್ದ. ಉಳಿದವರೆಲ್ಲ ಜಾರಿಕೊಂಡಿದ್ದರು. ಮೂರನೆಯ ಇಯತ್ತೆ ಓದಿದ ನಾನೇ ಕಡೆಯವಳು. ಮರುದಿನ ಮುಂಜಾನೆ ಅಣ್ಣ ಬರುವ ಹೊತ್ತಿಗೆ ಬಲಗೈ ಹೆಬ್ಬೆರಳಿಗೆ ಅರಿಸಿನ ಮೆತ್ತಿ ಅರಿವೆ ಸುತ್ತಿಕೊಂಡು ಕೂತಿದ್ದೆ.

“ಈಳಿಗಿಗೆ ಕೊಯ್ದತೋ ಅಣ್ಣಾ.”

ಅರಿವೆಯ ಮೇಲೆ ರಕ್ತದ ಕಲೆ ಇರಲಿಲ್ಲ. ಅವನು ಅದನ್ನೇ ನೋಡಿದ.

“ಎಡಗೈದು ಹೆಬ್ಬಟ್ಟ ಒತ್ತತಿಯೇನ? ಕಚೇರ್ಯಾಗ ಕೇಳಿ ನೋಡೂಣು.”

ಎಡಗೈಯನ್ನೂ ಸೆರಗಿನೊಳಗೆ ಎಳೆದುಕೊಂಡೆ. ಅವನು ಕಾಗದ ಮಡಚಿದ.

“ಇರಲಿ. ಮಾಯ್ತೈತಿ, ಜ್ವಾಕಿ.”

ಗೋಕಾಕದ ಕಚೇರಿಗೆ ಆ ಕಾಗದ ಹೋಗಲೇ ಇಲ್ಲ.

ಓಟಿನ ದಿನ ಪರದೆಯ ಹಿಂದೆ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದರು, ಒಂದೊಂದಕ್ಕೂ ಒಂದೊಂದು ಗುರುತು ಅಂಟಿಸಿ. ಅಲ್ಲಿ ಯಾರೂ ನೋಡುವುದಿಲ್ಲ ಎಂದಿದ್ದರೂ ಬೆನ್ನ ಹಿಂದೆ ಯಾರೋ ನಿಂತಂತೆಯೇ ಅನಿಸುತ್ತಿತ್ತು. ಕೈ ಬಿಡಿ ಎನ್ನುವವನ ಪೆಟ್ಟಿಗೆ ಆ ಸಾಲಿನಲ್ಲಿರಲಿಲ್ಲ. ಅದನ್ನು ಇಲ್ಲವಾಗಿಸಿದವಳು ನಾನೇ. ಯಜಮಾನರು ಹೇಳಿದ್ದರಲ್ಲಿ ಚೀಟಿ ಹಾಕಿ ಓಡಿ ಬಂದೆ.

ಅಂಗಡಿ ಉಳಿಯಿತು. ಆದರೂ ಬಾಗಿಲಲ್ಲಿ ಖಾಕಿ ಕಂಡರೆ ನಾನು ಹಿತ್ತಲಿಗೆ ಸರಿದುಬಿಡುತ್ತಿದ್ದೆ.

ವರ್ಷವರ್ಷ ಪಂಚಮಿಗೆ ಅಣ್ಣ ಬಂಡಿ ತಂದು ಕರೆದೊಯ್ಯುತ್ತಿದ್ದ. ಬೆರಳಿನ ಮಾತೆತ್ತಲಿಲ್ಲ. ಎರಡು ಚುನಾವಣೆ ಕಳೆದ ಮೇಲೆ ಒಂದು ಪಂಚಮಿಗೆ, ತವರಿನ ದಾರಿಯಲ್ಲಿ, ಎತ್ತು ಹೊಡೆಯುತ್ತಿದ್ದ ಅವನ ಬೆನ್ನಿಗೆ ಹೇಳಿದೆ:

“ಅಣ್ಣಾ, ಅವತ್ತ ನನ್ನ ಹೆಬ್ಬಟ್ಟ ಕೊಯ್ದಿರಲಿಲ್ಲೋ. ಅಂಜಿ ಅರಬಿ ಕಟ್ಟಗೊಂಡಿದ್ನಿ. ನಂದ ತಪ್ಪಾತು.”