ರೇವಣಸಿದ್ದನ ತಂಪು

ಹಟಮಾರಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಡಲ ಹಿನ್ನೀರಿನ ಬದಿಯ ಈ ಕಳಂಬೋಲಿಯ ಕಬ್ಬಿಣದ ಬಾಜಾರದಲ್ಲಿ ಹೋಟೆಲು ಇಟ್ಟುಕೊಂಡವನಿಗೆ ಅದೇನೂ ಅಪರೂಪದ ಸರಕಲ್ಲ. ಆದರೆ ರೇವಣಸಿದ್ದನಂಥವನನ್ನು ಇನ್ನೊಬ್ಬನನ್ನು ಕಾಣಲಿಲ್ಲ, ಕಾಣುವುದೂ ಬೇಡ. ಪಾಪ, ಬಡವ, ತಿಳಿಯದೆ ಮಾಡಿದ ಅಂತ ಹೇಳುವವರಿದ್ದಾರೆ. ಹೇಳಲಿ. ನನಗೆ ಅವನ ನೆನಪಾದರೆ ಇವತ್ತಿಗೂ ಮೊದಲು ಬರುವುದು ಸಿಟ್ಟು.

ಅವನ ಊರು ಕಲಬುರಗಿ. ಅಲ್ಲಿ ತಗಡಿನ ಕೆಲಸ ಕಲಿತು, ಸಣ್ಣದೊಂದು ಅಂಗಡಿ ಹಾಕಿಕೊಂಡು ಕೂಲರ್ ಮಾಡುತ್ತಿದ್ದ. ಶಿವರಾತ್ರಿ ಮುಗಿದರೆ ಸಾಕು, ಅವನಿಗೆ ಊಟಕ್ಕೆ ಪುರಸೊತ್ತಿರುತ್ತಿರಲಿಲ್ಲವಂತೆ. ತಗಡು ಕತ್ತರಿಸಿ ಪೆಟ್ಟಿಗೆ ಮಾಡುವುದು, ಮೂರು ಕಡೆ ತಂತಿಯ ಜಾಳಿಗೆ ಹುಲ್ಲು ತುಂಬುವುದು, ಹುಲ್ಲಿನ ಮೇಲೆ ನೀರಿಳಿಯುವಂತೆ ಪಂಪು ಕೂರಿಸಿ ನಡುವೆ ಫ್ಯಾನು ಇಡುವುದು. ಆ ಒಣ ಬಿಸಿಲಿಗೆ ಅದಕ್ಕಿಂತ ದೊಡ್ಡ ಔಷಧಿಯಿಲ್ಲ. ಅಲ್ಲಿನ ಗಾಳಿ ನೀರು ಕಂಡರೆ ಕುಡಿದು ತಣ್ಣಗಾಗುತ್ತದೆ. ವಕೀಲರು, ಡಾಕ್ಟರರು, ಮಠದ ಸ್ವಾಮಿಗಳು ಎಲ್ಲರೂ ಅವನ ಗಿರಾಕಿಗಳು. ಕೂಲರ್ ರೇವಣಸಿದ್ದ ಅಂತಲೇ ಹೆಸರಾಗಿತ್ತು.

ಆಮೇಲೆ ಕಂಪನಿಗಳ ಪ್ಲಾಸ್ಟಿಕ್ ಕೂಲರುಗಳು ಬಂದು ಅಂಗಡಿ ಕೂತುಬಿಟ್ಟಿತು. ಹೆಂಡತಿ ಜ್ಯೋತಿಯನ್ನು ಕಟ್ಟಿಕೊಂಡು ಇಲ್ಲಿಗೆ ಬಂದ. ಕಬ್ಬಿಣದ ಗೋದಾಮಿನಲ್ಲಿ ಶೀಟು ಇಳಿಸುವ ಕೆಲಸ ಅವನಿಗೆ, ಸಾನಪಾಡಾದ ಫ್ಲ್ಯಾಟುಗಳಲ್ಲಿ ಪಾತ್ರೆ ತಿಕ್ಕುವ ಕೆಲಸ ಅವಳಿಗೆ. ವಾಸ ನನ್ನ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ, ಏಣಿ ಹತ್ತಿ ಹೋಗಬೇಕಾದ ಒಂದು ಖೋಲಿ. ನಾಲ್ಕು ಗೋಡೆ, ಮೇಲೆ ತಗಡು. ಮಧ್ಯಾಹ್ನ ಆ ತಗಡಿನ ಕೆಳಗೆ ಇರುವುದೆಂದರೆ ಕಾವಲಿಯ ಕೆಳಗೆ ಇದ್ದ ಹಾಗೆ.

ಗಂಡ ಹೆಂಡಿರಿಬ್ಬರೂ ಹಗಲು ಹೊರಗಿರುತ್ತಿದ್ದುದರಿಂದ ಅದು ನಡೆದುಹೋಗುತ್ತಿತ್ತು. ಅಷ್ಟರಲ್ಲಿ ಊರಿನಲ್ಲಿದ್ದ ಅವನ ತಾಯಿ ಬಾಲಮ್ಮನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು. ಎಡಗೈ ಮಾತ್ರ ಆಡುತ್ತಿತ್ತು. ಊರಲ್ಲಿದ್ದ ಅಣ್ಣ ಗುರುನಾಥ "ನನ್ನ ಹೆಂಡ್ತಿ ಕಡಿಂದ ಆಗಲ್ಲ" ಎಂದು ಕೈ ತೊಳೆದುಕೊಂಡ. ರೇವಣಸಿದ್ದ ತಾಯಿಯನ್ನು ಇಲ್ಲಿಗೆ ತಂದ. ಅಷ್ಟರ ಮಟ್ಟಿಗೆ ಒಳ್ಳೆಯವನೇ, ಯಾಕೆ ಸುಳ್ಳು ಹೇಳಲಿ? ಬೇಸಿಗೆ ಎದುರಿಗೆ ನಿಂತಿತ್ತು. ಹಗಲೆಲ್ಲ ಆ ತಗಡಿನ ಕೆಳಗೆ ಒಬ್ಬಳೇ ಮಲಗಬೇಕಾದ ಮುದುಕಿಗೆ ತಂಪು ಮಾಡದಿದ್ದರೆ ಆಕೆ ಮಳೆಗಾಲ ನೋಡುವಂತಿರಲಿಲ್ಲ. ಇದು ಅವನಿಗೂ ಗೊತ್ತಿತ್ತು.

ಜ್ಯೋತಿ ಭಿಶಿ ಚೀಟಿ ಎತ್ತಿ ದುಡ್ಡು ಇಟ್ಟುಕೊಂಡಿದ್ದಳು. ನನ್ನ ಹೋಟೆಲಿಗೆ ಬಂದು ಕೇಳಿದಳು.

"ಅಣ್ಣಾರ, ಹಳೀದು ಏಸಿ ಎಲ್ಲರೆ ಸಿಗ್ತದೇನ್ರಿ? ನಾ ಕೆಲಸ ಮಾಡೂ ಮನ್ಯಾಗ ಎಲ್ಲಾ ಕಡಿ ಏಸೀನೇ ಅವ. ಒಬ್ಬರ ಮನ್ಯಾಗ ಕೂಲರ್ ಅದ, ಅದರಾಗ ಉಳ್ಳಾಗಡ್ಡಿ ಇಟ್ಟಾರ."

ಅವಳಿಗೆ ಬುದ್ಧಿಯಿತ್ತು. ನನ್ನ ಫ್ರಿಜ್ಜು ರಿಪೇರಿ ಮಾಡುವವನು ಉಲ್ಹಾಸನಗರದಲ್ಲಿ ಹಳೆಯ ಏಸಿಗಳನ್ನು ಸರಿಮಾಡಿ ಮಾರುತ್ತಾನೆ. ಖೋಲಿಯ ಮಾಲೀಕ ಲೈಟ್ ಬಿಲ್ಲು ಬೇರೆ ಕೊಟ್ಟರೆ ಹಾಕಿಕೊಳ್ಳಿ ಎಂದಿದ್ದ. ಒಂದು ರವಿವಾರ ರೇವಣಸಿದ್ದನನ್ನು ನಾನೇ ಕರೆದುಕೊಂಡು ಹೋದೆ.

ಅಂಗಡಿಯವನು ಕಿಟಕಿಗೆ ಹಾಕುವ ಏಸಿಯೊಂದನ್ನು ಚಾಲೂ ಮಾಡಿ ತೋರಿಸಿದ. ಸಣ್ಣ ಕ್ಯಾಬಿನ್ನು ಐದು ನಿಮಿಷದಲ್ಲಿ ತಣ್ಣಗಾಯಿತು. ನಾನು ಹಾಯಾಗಿ ಕೂತೆ. ಇವನು ಕೂರಲಿಲ್ಲ. ಮಷೀನಿನ ಸುತ್ತ ಸುತ್ತಿದ, ಮೂತಿಗೆ ಕೈ ಹಿಡಿದ, ಬಗ್ಗಿ ನೋಡಿದ. ಕೆಳಗೆ ಬಕೆಟಿನೊಳಗೆ ನೀರು ತೊಟ್ಟಿಕ್ಕುತ್ತಿತ್ತು.

"ಇದು ನೀರ ಕುಡಿಯಂಗಿಲ್ಲೇನ್ರಿ?" ಎಂದ.

"ಇಲ್ಲ ಮಾರಾಯ."

"ಕುಡಿಯಂಗಿಲ್ಲ, ಬರೇ ಉಚ್ಚಿ ಹೊಯ್ತದ," ಎಂದು ನಕ್ಕ. "ನೀರಿಲ್ದ ತಂಪ ಎಲ್ಲಿಂದ ಬರ್ತದ ಅಣ್ಣಾರ? ಇದು ಎಂಟ ದಿನದ ಆಟ."

ಬರಿಗೈಯಲ್ಲಿ ವಾಪಸು ಬರುವಾಗ ರೈಲಿನಲ್ಲಿ ನಾನು ಬಿಡಿಸಿ ಹೇಳಿದೆ. "ಆ ನೀರು ಗಾಳಿಯಿಂದ ಬಂದದ್ದು. ಇಲ್ಲಿ ಗಾಳಿಯಲ್ಲೇ ಅಷ್ಟು ನೀರುಂಟು. ನಾವು ಕಡಲ ಬದಿಯವರು, ನಮಗೆ ಗೊತ್ತುಂಟು. ಬೆವರೇ ಆರುವುದಿಲ್ಲ ಇಲ್ಲಿ. ಅದಕ್ಕೆ ನೀನು ಮೇಲಿಂದ ಇನ್ನೂ ನೀರು ಬಿಟ್ಟರೆ ಎಂತ ಆಗ್ಲಿಕ್ಕುಂಟು?"

"ನೀವು ಉಡುಪ್ಯಾವ್ರು. ಬಿಸಲಂದ್ರ ಏನಂತ ನಿಮಗೇನ್ ಗೊತ್ತರಿ?" ಎಂದ. "ನಮ್ಮೂರ ಬಿಸಲ ತಣ್ಣಗ ಮಾಡೀನಿ ನಾ. ಈ ಊರ ಬಿಸಲ ಯಾವ ಲೆಕ್ಕ?"

ಹತ್ತು ವರ್ಷದಿಂದ ಶೀಟು ಹೊತ್ತು ಹೊತ್ತು ಅವನನ್ನು ಇಲ್ಲಿ ಯಾರೂ ಮನುಷ್ಯನೆಂದೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಈಗ ವಿದ್ಯೆ ತೋರಿಸುವ ಅವಕಾಶ ಸಿಕ್ಕಿತ್ತು, ಅದೂ ಹೆತ್ತ ತಾಯಿಗಾಗಿ. ಅದನ್ನು ಉಲ್ಹಾಸನಗರದ ಆ ಸಿಂಧಿ ಅಂಗಡಿಯವನಿಗೆ ಬಿಟ್ಟುಕೊಡುವ ಮನಸ್ಸು ಅವನಿಗಿರಲಿಲ್ಲ. ಗೋದಾಮಿನ ತುಂಡು ತಗಡು ತಂದು ಕೂಲರ್ ಮಾಡಿದ. ನೋಡಲು ಲಕ್ಷಣವಾಗಿತ್ತು, ಒಂದು ಹನಿ ಸೋರುತ್ತಿರಲಿಲ್ಲ. ಗಲ್ಲಿಯವರೆಲ್ಲ ಏಣಿ ಹತ್ತಿ ನೋಡಿ ಬಂದರು.

ಊರಲ್ಲಾಗಿದ್ದರೆ ಅದನ್ನು ಕಿಟಕಿಯ ಹೊರಗೆ ನೇತುಹಾಕುತ್ತಿದ್ದ. ಕಳಂಬೋಲಿಯಲ್ಲಿ ಹೊರಗಿಟ್ಟ ತಗಡು ಬೆಳಗಾಗುವುದರೊಳಗೆ ಗುಜರಿ ಕೊಳ್ಳುವ ಭಂಗಾರಿನವನ ತಕ್ಕಡಿಯಲ್ಲಿರುತ್ತದೆ. ಆದ್ದರಿಂದ ಖೋಲಿಯ ಒಳಗೇ, ತಾಯಿಯ ಹಾಸಿಗೆಯ ಪಕ್ಕಕ್ಕೆ ಇಟ್ಟ. ತಂಪು ಹೊರಗೆ ಹೋಗಬಾರದೆಂದು ಇದ್ದೊಂದು ಕಿಟಕಿ ಮುಚ್ಚಿದ. ಜ್ಯೋತಿ ಆರಕ್ಕೇ ಸಾನಪಾಡಾಕ್ಕೆ ಹೋದರೆ, ಇವನು ತಾಯಿಗೆ ಚಹಾ ಕುಡಿಸಿ, ಕೂಲರಿಗೆ ನೀರು ತುಂಬಿ, ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಬರುತ್ತಿದ್ದ. ಇನ್ನೊಂದು ಕೀಲಿ ಜ್ಯೋತಿಯ ಹತ್ತಿರ; ಅವಳು ಮಧ್ಯಾಹ್ನದ ಹೊತ್ತಿಗೆ ವಾಪಸು ಬರುತ್ತಿದ್ದಳು.

ಅವಳು ಬಂದವಳೇ ಮೊದಲು ಮಾಡುತ್ತಿದ್ದ ಕೆಲಸ ಕೂಲರ್ ಆರಿಸಿ ಬಾಗಿಲು ತೆರೆಯುವುದು. ಗೋಡೆಯೆಲ್ಲ ಒದ್ದೆ, ಹಾಸಿಗೆ ಒದ್ದೆ, ಮುದುಕಿ ತೊಯ್ದು ತೊಪ್ಪೆ. ಊರಿಂದ ತಂದ ಖಡಕ್ ರೊಟ್ಟಿ ತಿಂಗಳುಗಟ್ಟಲೆ ಇರುವಂಥದ್ದು. ಆ ಖೋಲಿಯಲ್ಲಿ ಎರಡು ದಿನಕ್ಕೆ ಹಸಿ ತೊಗಲಿನಂತೆ ಮೆತ್ತಗಾಗಿ ಬೂಷ್ಟು ಹಿಡಿಯಿತು. ಜ್ಯೋತಿ ಅದನ್ನೇ ಗಂಡನ ತಾಟಿಗೆ ಹಾಕಿದಳು.

"ನೋಡ್ರಿ. ರೊಟ್ಟಿಗೇ ಹಿಂಗಾದ್ರ ಮನುಷಾರಿಗೆ ಏನಾಗಬ್ಯಾಡ?"

ಅವನು ಬೂಷ್ಟು ಕೆರೆದು ತಿಂದ. ತಾಯಿಯ ಮೈ ಮುಟ್ಟಿ ನೋಡಿದ. ಬೆವರಿನಿಂದ ಮೈ ಒದ್ದೆಯಾಗಿತ್ತು. "ಎಷ್ಟ ತಣ್ಣಗ ಅದಾಳ," ಎಂದ.

ಒಂದು ದಿನ ಅವನು ಬೇಗ ಬಂದಾಗ ಕೂಲರ್ ಆರಿತ್ತು, ಬಾಗಿಲು ಹಾರುಹೊಡೆದಿತ್ತು. ಗಲ್ಲಿಗೆಲ್ಲ ಕೇಳುವ ಹಾಗೆ ಹೆಂಡತಿಯನ್ನು ಬೈದ.

"ನಮ್ಮವ್ವ ಯಾವಾಗ ಸಾಯ್ತಾಳಂತ ಕಾಯ್ಲತ್ತಿಯೇನು? ಕರೆಂಟ್ ಉಳಸ್ತಾಳಂತ, ಕರೆಂಟ್."

ಗಲ್ಲಿಯ ಹೆಂಗಸರು ಅವನ ಮಾತನ್ನೇ ನಂಬಿದರು. ಅತ್ತೆಗೆ ಮಗ ತಂಪು ಮಾಡಿಕೊಟ್ಟರೆ ಸೊಸೆ ಆರಿಸುತ್ತಾಳೆ ಎನ್ನುವ ಕಥೆ ಯಾರಿಗೆ ರುಚಿಸುವುದಿಲ್ಲ? ನಲ್ಲಿಯ ಹತ್ತಿರ ಅವಳಿಗೆ ಕೊಡ ಇಡಲು ಜಾಗ ಬಿಡಲಿಲ್ಲ. ಅವಳು ಕೂಲರ್ ಆರಿಸುವುದನ್ನು ಬಿಟ್ಟು, ಬಂದಾಗ ಬಾಗಿಲು ಮಾತ್ರ ತೆರೆದಿಡತೊಡಗಿದಳು.

ಆಗ ಬಾಲಮ್ಮ ತನ್ನ ಕೆಲಸ ತಾನೇ ಮಾಡಿಕೊಂಡಳು. ವೈರಿನ ಬೋರ್ಡು ಹಾಸಿಗೆಯ ಪಕ್ಕದಲ್ಲೇ ನೆಲದ ಮೇಲಿತ್ತು. ಊಟದ ಡಬ್ಬಿ ಮರೆತು ವಾಪಸು ಹೋದ ರೇವಣಸಿದ್ದ ಬಾಗಿಲು ತೆರೆದು ನೋಡುತ್ತಾನೆ, ಕೂಲರ್ ನಿಂತಿದೆ. ಪ್ಲಗ್ಗು ಕಿತ್ತು ಬಂದು ತಾಯಿಯ ಎಡಗೈ ಮುಷ್ಟಿಯಲ್ಲಿದೆ. ಬಿಡಿಸಲು ಹೋದರೆ ಬಿಡಲಿಲ್ಲವಂತೆ. ಒಂದೊಂದೇ ಬೆರಳು ಬಿಡಿಸಬೇಕಾಯಿತಂತೆ. ಇದನ್ನು ಅವನು ನನ್ನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ನಗುನಗುತ್ತ ಹೇಳಿದ.

"ಸಣ್ಣ ಕೂಸಾಗ್ಯಾಳ್ರಿ ನಮ್ಮವ್ವ. ಹಸಿ ಕೈಯಾಗ ಕರೆಂಟ್ ಹಿಡೀತಾಳ. ಶಾಕ್ ಹೊಡದು ಏನರೆ ಆದ್ರ? ಬೋರ್ಡ ತಗದು ಮ್ಯಾಲ ಗ್ವಾಡಿಗೆ ಬಡದೀನಿ ಈಗ."

ನನಗೆ ರೇಗಿತು. "ಏ ಮಂಡೆ ಸಮ ಉಂಟಾ ನಿನಗೆ? ಅವರಿಗೆ ಅದು ಬೇಡ ಅಂತ. ಬಾಯಿಲ್ಲದವರು ಮತ್ತೆ ಹೇಗೆ ಹೇಳಬೇಕು?"

"ತಂಪ ಯಾರಿಗೆ ಬ್ಯಾಡ ಅಣ್ಣಾರ?" ಎಂದು ಚಹಾದ ಬಸಿ ಇಟ್ಟು ಎದ್ದುಹೋದ.

ಮೇ ತಿಂಗಳ ಕೊನೆಯಲ್ಲಿ ಒಂದು ದಿನ ಮೋಡ ಕವಿದು ಗಾಳಿ ನಿಂತುಹೋಯಿತು. ಖಾಡಿಯ ಹಿನ್ನೀರಿನ ಕಡೆಯಿಂದ ಎಲೆಯಾಡುವಷ್ಟೂ ಗಾಳಿಯಿಲ್ಲ. ನನ್ನ ಹೋಟೆಲಿನ ದೋಸೆ ಭಟ್ಟ ಎರಡು ಸಲ ಹೊರಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡ. ಸಾನಪಾಡಾದಲ್ಲಿ ಜ್ಯೋತಿಯ ಒಂದು ಮನೆಯಲ್ಲಿ ನೆಂಟರಿದ್ದರು. ಪಾತ್ರೆ ಮುಗಿಸದೆ ಹೋಗಬೇಡ ಎಂದರು. ಅವಳು ಬರುವಾಗ ಮೂರು ದಾಟಿತ್ತು. ಏಣಿಯ ಮೇಲಿಂದ ಅವಳು ಕೂಗಿದ್ದು ಹೋಟೆಲಿಗೆ ಕೇಳಿಸಿತು.

ನಾನು ಹತ್ತಿ ಹೋದೆ. ಬಾಗಿಲಲ್ಲೇ ಮುಖಕ್ಕೆ ಬಡಿದದ್ದು ಇಡ್ಲಿ ಬೇಯಿಸುವ ಅಟ್ಟದ ಮುಚ್ಚಳ ತೆಗೆದಾಗ ಬರುವಂಥ ಹಬೆ. ಕೂಲರ್ ಸೊಗಸಾಗಿ ತಿರುಗುತ್ತಿತ್ತು. ಬಾಲಮ್ಮ ಹಾಸಿಗೆ ಬಿಟ್ಟು ಗೋಡೆಯವರೆಗೆ ತೆವಳಿದ್ದಳು. ಕಣ್ಣು ಅರ್ಧ ತೆರೆದಿತ್ತು, ಮೈ ಕೆಂಡ. ಎಡಗೈ ಉಗುರುಗಳಲ್ಲಿ ಗೋಡೆಯ ಸುಣ್ಣ. ಬೋರ್ಡು ಆ ಕೈಗಿಂತ ಒಂದಾಳು ಮೇಲಿತ್ತು.

ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದೆವು. ಸಂಜೆಯೊಳಗೆ ಹೋದಳು. ಡಾಕ್ಟರು ಬಿಸಿಲಿನ ಹೊಡೆತ ಎಂದರು. ಗೋದಾಮಿನಿಂದ ಓಡಿಬಂದಿದ್ದ ರೇವಣಸಿದ್ದ ಅವರ ಜೊತೆ ವಾದಕ್ಕಿಳಿದ. "ಕೈಸಾ ಸಾಬ್? ಘರ್‌ಮೇ ಕೂಲರ್ ಥಾ. ಮೈನೇ ಖುದ್ ಬನಾಯಾ." ಮನೆಯಲ್ಲಿ ಕೂಲರ್ ಇತ್ತಲ್ಲ, ತಾನೇ ಮಾಡಿದ್ದು ಎಂದು ಅವನ ವಾದ.

"ಖಿಡ್ಕಿ, ದರ್ವಾಜಾ?" ಎಂದು ಡಾಕ್ಟರು ಕಿಟಕಿ ಬಾಗಿಲಿನ ಬಗ್ಗೆ ಕೇಳಿದರು.

"ಸಬ್ ಬಂದ್ ಥಾ ಸಾಬ್. ಠಂಡಾ ಬಾಹರ್ ನಹೀ ಜಾತಾ." ಎಲ್ಲ ಮುಚ್ಚಿತ್ತು, ತಂಪು ಹೊರಗೆ ಹೋಗುವಂತಿರಲಿಲ್ಲ ಎಂದು ಹೆಮ್ಮೆಯಿಂದಲೇ ಹೇಳಿದ.

ಬೆಳಗಿನಿಂದ ಅಂಥ ಎಷ್ಟು ಜನರನ್ನು ನೋಡಿದ್ದರೋ ಆ ಡಾಕ್ಟರು, ದಾಕ್ಷಿಣ್ಯ ಉಳಿದಿರಲಿಲ್ಲ. "ಉಬಾಲ್ ದಿಯಾ ಬುಢಿಯಾ ಕೋ," ಎಂದರು. ಮುದುಕಿಯನ್ನು ಬೇಯಿಸಿಬಿಟ್ಟೆ ಎಂದು ಅರ್ಥ. ರೇವಣಸಿದ್ದನಿಗೆ ಹಿಂದಿ ಚೆನ್ನಾಗಿ ಬರುತ್ತದೆ. ಕೇಳಿಸದವನ ಹಾಗೆ ನಿಂತ.

ಮೂರನೆಯ ದಿನ ಊರಿಂದ ಅಣ್ಣ ಗುರುನಾಥನೂ ನಾಲ್ಕಾರು ನೆಂಟರೂ ಬಂದರು. ನಾನು ಉಪ್ಪಿಟ್ಟು ಕಳಿಸಿ ಹಿಂದಿನಿಂದ ಹೋದೆ. ಖೋಲಿಯಲ್ಲಿ ಸೆಕೆ. ಗುರುನಾಥ ಕೂಲರ್ ನೋಡಿ, ನೀರು ತುಂಬಿಸಿ, ತಾನೇ ಚಾಲೂ ಮಾಡಿದ. ಬಾಗಿಲು ತೆರೆದೇ ಇತ್ತು. ಮೊದಲ ಗಾಳಿಗೆ ಎಲ್ಲರಿಗೂ ಹಿತವೆನಿಸಿತು.

"ಪುಣ್ಯವಂತಿ ನಮ್ಮವ್ವ," ಎಂದ ತಾಯಿಯನ್ನು ಇಟ್ಟುಕೊಳ್ಳದ ಆ ಮಹಾರಾಯ. "ಮಗನ ಕೈಯಾಗಿನ ತಂಪ ಉಂಡು ಹೋದಳು."

ಎಲ್ಲರೂ ರೇವಣಸಿದ್ದನನ್ನು ನೋಡಿದರು. ಅವನು ಏನಾದರೂ ಹೇಳುತ್ತಾನೆಂದು ನಾನು ಕಾದೆ. ಹೇಳಿದ.

"ಹೌದಪಾ. ಕಡೀತನಾ ತಣ್ಣಗೇ ಇದ್ದಳು."

ಜ್ಯೋತಿ ಮೂಲೆಯಲ್ಲಿ ಕೂತಿದ್ದಳು. ಎದ್ದು ಹೋಗಿ ಬಾಗಿಲು ಹಾಕಿದಳು, ಬೆನ್ನು ಕೊಟ್ಟು ಅಲ್ಲೇ ನಿಂತಳು.

"ಹೊತ್ತ ಮುಣಗೂತನ ಕುಂದರ್ರಿ ಎಲ್ಲಾರೂ," ಎಂದಳು. "ತಂಪ ಹೊರಗ ಹೋಗಬಾರ್ದು. ನಮ್ಮ ಮನ್ಯಾಗ ಇದೇ ಪದ್ಧತಿ."

ಮೊದಲು ನಕ್ಕರು. ಆಮೇಲೆ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. ಒರೆಸಿದಷ್ಟೂ ಒದ್ದೆ. ಹತ್ತು ಜನರ ಉಸಿರು, ಕೂಲರಿನ ನೀರು, ಮೇಲೆ ಕಾದ ತಗಡು. ನನ್ನ ತಲೆ ಸುತ್ತತೊಡಗಿತು. ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದಳು. ಗುರುನಾಥ ಏದುಸಿರು ಬಿಡುತ್ತ, "ಬಾಗಲಾ ತಗಿಯವ್ವ, ಜೀವ ಹೋಗ್ಲತದ," ಎಂದ.

ಜ್ಯೋತಿ ಪಕ್ಕಕ್ಕೆ ಸರಿದಳು. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಏಣಿ ಇಳಿದರು. ರೇವಣಸಿದ್ದ ಮಾತ್ರ ಏಳಲಿಲ್ಲ. ಅವಳು ಅವನನ್ನು ಕರೆಯಲೂ ಇಲ್ಲ. ಹೊರಗೆ ಬಂದು ಚಿಲಕ ಹಾಕಿ ಏಣಿಯ ತುದಿಯಲ್ಲಿ ಕೂತಳು.

"ತಗಿ," ಎಂದ ಗುರುನಾಥ ಕೆಳಗಿನಿಂದ. "ಹುಚ್ಚ ಹಿಡದದೇನು ನಿನಗ?"

"ನಮ್ಮ ಅತ್ತೀಗೆ ಬಾಗಲತನಾ ಬರಲಾಕ ಕಾಲಿದ್ದಿಲ್ಲ. ಇವರಿಗೆ ಅವ. ಬೇಕಂದ್ರ ಬಂದು ಬಡೀಲಿ."

ಅವನು ಬಡಿಯಲಿಲ್ಲ. ಒಳಗಿಂದ ಕೂಲರಿನ ಸದ್ದು ಒಂದೇ ಸಮನೆ ಬರುತ್ತಿತ್ತು. ನೆಂಟರು ಗಲ್ಲಿಯಲ್ಲಿ ನಿಂತು ಮೇಲೆ ನೋಡುತ್ತಿದ್ದರು, ನಲ್ಲಿಯ ಹೆಂಗಸರೂ ಬಂದು ನಿಂತರು. ಚಿಲಕ ತೆಗೆ ಎಂದು ನಾನೂ ಹೇಳಲಿಲ್ಲ. ಹೇಳಬೇಕೆಂದೂ ಅನಿಸಲಿಲ್ಲ. ಬೇಯಲಿ ಎಂದೇ ಅನಿಸಿತು.

ಕೊನೆಗೆ ಅವಳೇ ಎದ್ದು ತೆಗೆದಳು. ನಾನು ಹಿಂದೆಯೇ ಹೋದೆ. ರೇವಣಸಿದ್ದ ತಾಯಿಯ ಹಾಸಿಗೆಯ ಮೇಲೆ ಅಂಗಾತ ಬಿದ್ದಿದ್ದ. ಅಂಗಿ ಹಿಂಡಿದರೆ ಬಿಂದಿಗೆ ತುಂಬುವಷ್ಟು ತೊಯ್ದಿತ್ತು. ಮುಖ ಕಪ್ಪಿಟ್ಟಿತ್ತು. ಅವನು ನನ್ನನ್ನು ನೋಡಲಿಲ್ಲ, ಅವಳನ್ನು ನೋಡಿದ.

"ಅವ್ವ ಎಷ್ಟೊತ್ತು ಹಿಂಗ ಇದ್ದಳು?" ಎಂದು ಕೇಳಿದ.

"ನೀವು ಬೀಗ ಹಾಕಿ ಹೋದಾಗಿಂದ," ಎಂದಳು ಜ್ಯೋತಿ.