ರೈಫಲ್ಲಿನ ಉಗುರು

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ಮೊದಲು ನಗುತ್ತಿದ್ದವನು ನಾನೇ. ಹುಣಸೆ ಮರದ ಕೆಳಗೆ ಯಾರನ್ನೋ ಕಂಡೆ, ತೀರಿಹೋದವರು ಕನಸಿನಲ್ಲಿ ಬಂದು ಕೀಲಿಕೈ ಎಲ್ಲಿದೆಯೆಂದು ಹೇಳಿದರು ಎಂದರೆ, "ರಾತ್ರಿ ಏನ್ ಉಂಡಿದ್ದಿ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ನನ್ನ ಕಸುಬು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು. ತಂತಿ ಕೂಡಿದ್ದರೆ ಕರೆಂಟು ಬರುತ್ತದೆ, ಕಡಿದಿದ್ದರೆ ಬರುವುದಿಲ್ಲ. ನಡುವೆ ದೆವ್ವಕ್ಕೆ ಏನು ಕೆಲಸ? ಈಗಲೂ ನಾನು ದೆವ್ವ ನಂಬುವುದಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ, ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ಹಾಡಹಗಲಲ್ಲಿ ನಮ್ಮ ಮನೆಯಲ್ಲೇ ನಡೆದದ್ದೊಂದನ್ನು ಹೇಳಿಬಿಡುತ್ತೇನೆ. ನಗು ಬಂದರೆ ಧಾರಾಳವಾಗಿ ನಗಿ, ನಾನೇನು ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮದು ಯಲಬುರ್ಗಾ ಕಡೆಯ ಮಂಗಳೂರು, ಕಡಲ ದಂಡೆಯದಲ್ಲ. ಮನೆಯಲ್ಲಿ ಅಜ್ಜನ ಕಾಲದ ಒಂದು ರೈಫಲ್ ಇದೆ, ನಿಜಾಮರ ಆಳಿಕೆಯಲ್ಲಿ ಅಜ್ಜ ಹೈದರಾಬಾದಿನಿಂದ ತಂದದ್ದು. ಅಪ್ಪನ ನಂತರ ಪರವಾನಗಿ ನನ್ನ ಹೆಸರಿಗಾಯಿತು. ಗುಂಡು ಹಾರಿಸಿ ಎಷ್ಟೋ ಕಾಲವಾಗಿದೆ, ಇಟ್ಟುಕೊಂಡಿರುವುದು ಪ್ರೀತಿಗೆ. ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕುದುರೆಯ ಸುತ್ತ ಇದಕ್ಕೆ ಬಳೆಯಂಥ ಕಬ್ಬಿಣದ ಹಿಡಿಕೆ ಇದೆ. ಅದೇ ಲಿವರ್. ಅದನ್ನು ಕೆಳಕ್ಕೆ ನೂಕಿದರೆ ಒಳಗಿನ ಬೋಲ್ಟು ಹಿಂದೆ ಸರಿದು ಖಾಲಿ ತೋಟಾ ಹೊರಗೆ ಬೀಳುತ್ತದೆ. ಮೇಲಕ್ಕೆ ಎಳೆದರೆ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಮಜಾ ಎಂದರೆ ಇಡೀ ರೈಫಲ್ಲನ್ನು ನಡುವೆ ಎರಡಾಗಿ ಬಿಚ್ಚಬಹುದು. ನಳಿಗೆ ಒಂದು ತುಂಡು, ಹಿಡಿ ಇನ್ನೊಂದು ತುಂಡು, ಟ್ರಂಕಿನಲ್ಲಿ ಹಾಯಾಗಿ ಹಿಡಿಸುತ್ತದೆ.

ಬಿಚ್ಚುವುದೂ ಜೋಡಿಸುವುದೂ ಹುಸೇನಸಾಬರ ಕೆಲಸ. ಅವರು ನಮ್ಮೂರಿನಲ್ಲಿ ಬೀಗ, ತಕ್ಕಡಿ, ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವರು, ಅಪ್ಪನ ಜೀವದ ಗೆಳೆಯರು, ನನಗೆ ಚಾಚಾ. ನಾನು ಸಣ್ಣವನಿದ್ದಾಗ ಒಮ್ಮೆ ಬೋಲ್ಟಿನ ತುದಿಯ ಕೊಕ್ಕೆ ಮುರಿಯಿತು. ತೋಟಾದ ಅಂಚು ಹಿಡಿದು ಹೊರಗೆಳೆಯುವ ಈ ಪುಟ್ಟ ಕೊಕ್ಕೆಗೆ ಅವರು 'ಉಗುರು' ಎನ್ನುತ್ತಿದ್ದರು. ಬಿಡಿಭಾಗ ಎಲ್ಲೂ ಸಿಗಲಿಲ್ಲ. ಹುಸೇನಸಾಬರು ರಂಜಾನ್ ತಿಂಗಳಿಡೀ ಉಪವಾಸದಲ್ಲೇ ಕೂತು, ಉಕ್ಕಿನ ತುಂಡನ್ನು ಅರದಿಂದ ತಿಕ್ಕಿ ತಿಕ್ಕಿ ಹೊಸ ಉಗುರು ಮಾಡಿದರು. "ಇಂಥಾದ್ದು ಇನ್ನೊಂದು ನನ್ನ ಕಡಿಂದನೂ ಆಗೂದಿಲ್ಲ ಗೌಡ್ರ, ಇದರ ಕೂಡ ಜಬರದಸ್ತಿ ಮಾಡಬ್ಯಾಡ್ರಿ" ಎಂದು ಅಪ್ಪನಿಗೆ ತಾಕೀತು ಮಾಡಿದ್ದು ನನಗಿನ್ನೂ ನೆನಪಿದೆ. ಅವರು ತಮ್ಮ ಕೆಲಸದ ಬಗ್ಗೆ ಹೆಮ್ಮೆಪಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ವರ್ಷ ಚುನಾವಣೆ ಬಂತು. ಚುನಾವಣೆ ಎಂದರೆ ಪರವಾನಗಿ ಇದ್ದವರೆಲ್ಲ ತಮ್ಮ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ಹುಸೇನಸಾಬರು ಎಂದಿನಂತೆ ಬಿಚ್ಚಿ ಕೊಟ್ಟರು, ನಾನು ಟ್ರಂಕಿನಲ್ಲಿಟ್ಟು ಒಪ್ಪಿಸಿ, ಮಳೆಗಾಲದ ಮೊದಲಿಗೆ ಹಾಗೇ ವಾಪಸ್ ತಂದೆ. ಅಷ್ಟರಲ್ಲಿ ಅವರಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಮಗ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ, ಅಲ್ಲಿಗೇ ಕರೆದೊಯ್ದ. ಇನ್ನು ಆ ಉಗುರು ಮುರಿದರೆ ಮತ್ತೊಂದು ಮಾಡುವ ಕೈ ಈ ಭೂಮಿಯ ಮೇಲೆ ಇರಲಿಲ್ಲ.

ಖಂಡೇಪೂಜೆ ಬಂತು. ನಮ್ಮವ್ವನ ಹಟ ನಿಮಗೆ ಗೊತ್ತಿಲ್ಲ. "ತುಂಡ ಮಾಡಿಟ್ಟ ಆಯುಧಕ್ಕ ನಾ ಕುಂಕುಮ ಹಚ್ಚಾಕಿ ಅಲ್ಲ ನೋಡು" ಎಂದಳು. ಮೇಲೆ ಒಂದು ಚುಚ್ಚುಮಾತು: "ಊರ ಮಂದಿ ಮೋಟಾರೆಲ್ಲ ಬಿಚ್ಚಿ ಕೂಡಸ್ತಿ, ನಿಮ್ಮಪ್ಪನ ಬಂದೂಕು ಕೂಡಸಾಕ ಬರೂದಿಲ್ಲೇನು?"

ಬರುವುದಿಲ್ಲ ಎನ್ನಲು ನನ್ನ ಜಂಬ ಅಡ್ಡ ಬಂತು. ಹುಸೇನಸಾಬರು ಜೋಡಿಸುವುದನ್ನು ವರ್ಷಾವರ್ಷ ನೋಡಿದ್ದೆ. ಆದರೆ ನಿಜ ಹೇಳಬೇಕೆಂದರೆ ಅವರು ಹಿಡಿಯ ಭಾಗವನ್ನು ತೊಡೆಯ ಮೇಲಿಟ್ಟು, ಮೇಲೆ ಟವೆಲ್ ಹೊದಿಸಿಕೊಂಡು ಕೂರುತ್ತಿದ್ದರು. ನನಗೆ ಕಾಣುತ್ತಿದ್ದುದು ನಳಿಗೆ ಕಾಲು ಸುತ್ತು ತಿರುಗುವುದಷ್ಟೇ. ಸರಿ, ಬೆಳಿಗ್ಗೆ ಸ್ನಾನ ಮಾಡಿ ದೇವರ ಕೋಣೆಯಲ್ಲಿ ಚಾಪೆ ಹಾಸಿ ಕೂತೆ. ಒಳಗೆ ತೋಟಾ ಇಲ್ಲವೆಂದು ಎರಡೆರಡು ಸಲ ನೋಡಿದೆ. ಸೀಮೆಎಣ್ಣೆಯಲ್ಲಿ ನಳಿಗೆಯ ತಿರುಪಿನ ಮರೆಗಳನ್ನು ಒರೆಸಿದೆ. ಕೊನೆಗೆ ಲಿವರನ್ನು ಎಳೆದು ಭದ್ರವಾಗಿ ಮುಚ್ಚಿದೆ. ನಮ್ಮ ಮನೆಯಲ್ಲಿ ದೇವರ ಮುಂದೆ ಲಿವರ್ ತೆರೆದಿಟ್ಟ ಬಂದೂಕು ಇಡುವಂತಿಲ್ಲ, ಅದು ಅಜ್ಜನ ಕಾಲದಿಂದ ಬಂದ ಶಾಸ್ತ್ರ. ಅದನ್ನು ಮುರಿಯುವ ಯೋಚನೆಯೇ ನನಗೆ ಬರಲಿಲ್ಲ.

ನಳಿಗೆಯ ಕೆಳಗೆ ತೋಟಾ ತುಂಬುವ ಕೊಳವೆಯನ್ನು ನಾಲ್ಕು ಬೆರಳು ಮುಂದಕ್ಕೆ ಎಳೆದು, ನಳಿಗೆಯನ್ನು ಅಡ್ಡ ಹಿಡಿದು ಒಳಗೆ ತೂರಿಸಿದೆ. ಮುಕ್ಕಾಲು ಭಾಗ ಹೋಗಿ ನಿಂತಿತು. ತೆಗೆದು ಮತ್ತೆ ಹಾಕಿದೆ, ಎಣ್ಣೆ ಬಿಟ್ಟೆ, ಊಹೂಂ. ಅವ್ವ ಹೊರಗಿನಿಂದ "ನೈವೇದ್ಯ ಆರಾಕತ್ತೈತಿ" ಎಂದು ಕೂಗುತ್ತಿದ್ದಳು. ನನಗೆ ಸಿಟ್ಟು ಬಂತು. ಅಂಗಡಿಯಲ್ಲಿ ಬೇರಿಂಗ್ ಕೂರದಿದ್ದರೆ ಏನು ಮಾಡುತ್ತೇನೆ? ಕಟ್ಟಿಗೆಯ ಕೊಡತಿಯಿಂದ ಒಂದು ಬಡಿಯುತ್ತೇನೆ, ಕೂರುತ್ತದೆ. ಎದ್ದು ಹೋಗಿ ಕೊಡತಿ ತಂದು ಕೈ ಎತ್ತಿದೆ.

ಮೊಬೈಲ್ ಹೊಡೆದುಕೊಳ್ಳತೊಡಗಿತು. ನೋಡಿದರೆ ಹುಸೇನಸಾಬರ ನಂಬರು. ಮಾತು ಬಾರದ ಮನುಷ್ಯನ ಫೋನು! ಕೊಡತಿ ಕೆಳಗಿಟ್ಟು ಎತ್ತಿದೆ. ಅತ್ತ ಕಡೆ ಇದ್ದವಳು ಅವರ ಸೊಸೆ ಶಮೀಮ.

"ಅಣ್ಣಾರ, ಮಾಮಾ ಈಗ ಒಂದಷ್ಟೊತ್ತಿಂದ ಎಡಗೈ ಮುಷ್ಟಿ ಮಾಡಿ ಕೆಳಗ ಕೆಳಗ ನೂಕಾಕತ್ಯಾರ್ರಿ. ದಿಂಬು ಕೆಳಗ ಮಾಡಿದೆ, ಚಾದರ ಕೆಳಗ ಸರಿಸಿದೆ, ಬಿಡವಲ್ರು. ಇವ್ರು ಗಿರಣ್ಯಾಗ ಅದಾರ, ಫೋನ್ ಎತ್ತವಲ್ರು. ನೀವು ಅವರನ್ನ ಭಾಳ ದಿನದಿಂದ ಬಲ್ಲವರು, ಏನು ಬೇಕಾಗೈತಿ ತಿಳಿತೈತೇನ್ರಿ?"

"ಹ್ಯಾಂಗ ನೂಕ್ತಾರವಾ?"

"ಬೋರಿಂಗ್ ಹೊಡದಂಗರಿ. ಆದ್ರ ಕೆಳಗ ನೂಕಿ ಹಂಗ ಹಿಡಿತಾರ. ಮ್ಯಾಲ ತರೂದೇ ಇಲ್ಲ."

ನನ್ನ ಕಣ್ಣು ತೊಡೆಯ ಮುಂದಿದ್ದ ಲಿವರಿನ ಮೇಲೆ ಬಿತ್ತು. "ಆಮ್ಯಾಲ ಮಾಡ್ತೀನವಾ" ಎಂದು ಫೋನಿಟ್ಟು, ನಳಿಗೆಯನ್ನು ಹೊರತೆಗೆದು, ಶಾಸ್ತ್ರ ಹಾಳಾಗಲಿ ಎಂದುಕೊಂಡು ಲಿವರನ್ನು ಕೆಳಕ್ಕೆ ನೂಕಿ ಹಾಗೇ ಬಿಟ್ಟೆ. ಬೋಲ್ಟು ಹಿಂದೆ ಸರಿಯಿತು. ಬ್ಯಾಟರಿ ಬಿಟ್ಟು ನೋಡಿದರೆ ಉಗುರಿನ ತುದಿಯಲ್ಲಿ ಕೂದಲೆಳೆಯಷ್ಟು ಹೊಸ ಗೀರು. ನಳಿಗೆ ಇಷ್ಟೊತ್ತು ಅದಕ್ಕೇ ಒತ್ತಿ ನಿಂತಿತ್ತು! ಕೊಡತಿಯ ಒಂದು ಏಟು ಬಿದ್ದಿದ್ದರೆ ಮುಗಿದೇಹೋಗುತ್ತಿತ್ತು. ಈಗ ನಳಿಗೆ ಸರಾಗವಾಗಿ ಒಳಗೆ ಹೋಯಿತು, ಕಾಲು ಸುತ್ತು ತಿರುಗಿ ನೆಟ್ಟಗೆ ನಿಂತಿತು. ಕೊಳವೆ ಹಿಂದಕ್ಕೆ ನೂಕಿ ತಿರುವಿದೆ. ಲಿವರ್ ಎಳೆದರೆ ಬೆಣ್ಣೆಯ ಹಾಗೆ ಮುಚ್ಚಿಕೊಂಡಿತು.

ಹೊಳೆಯುವ ರೈಫಲ್ಲಿಗೆ ಅವ್ವ ಚೆಂಡುಹೂ ಏರಿಸಿ ಕುಂಕುಮ ಹಚ್ಚಿ, "ನೋಡು, ಬಂತಿಲ್ಲೊ!" ಎಂದಳು. ಆ ದಿನದಷ್ಟು ಖುಷಿಯಿಂದ ನಾನು ಹೋಳಿಗೆ ಉಂಡದ್ದೇ ಇಲ್ಲ. ಉಣ್ಣುತ್ತಲೇ ಎಲ್ಲಕ್ಕೂ ಕಾರಣ ಹುಡುಕಿಬಿಟ್ಟೆ. ಚಾಚಾಗೆ ಇವತ್ತು ಖಂಡೇಪೂಜೆಯೆಂದು ಗೊತ್ತು, ನನ್ನ ಅವಸರದ ಸ್ವಭಾವವೂ ಗೊತ್ತು, ಮಲಗಿದಲ್ಲೇ ಚಡಪಡಿಸಿ ಕೈಸನ್ನೆ ಮಾಡಿದ್ದಾರೆ, ಹೊತ್ತು ಕೂಡಿಬಂದಿದೆ ಅಷ್ಟೇ. ಸೊಸೆಗೆ ಫೋನ್ ಮಾಡಿದೆ. ಅವರು ಸುಮ್ಮನಾಗಿದ್ದಾರೆ ಎಂದಳು.

ಮರುದಿನ ವಿಜಯದಶಮಿ, ಬನ್ನಿ ಕೊಡಲು ಕೊಪ್ಪಳದಲ್ಲಿ ಬಸ್ಸು ಬದಲಿಸಿ ಗಂಗಾವತಿಗೆ ಹೋದೆ. ಹುಸೇನಸಾಬರು ಗೋಡೆಗೊರಗಿ ಕೂತಿದ್ದರು. ಎಡಗೈಗೆ ಬನ್ನಿ ಎಲೆ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಚಾಚಾ" ಎಂದು ಕಾಲು ಮುಟ್ಟಿದೆ. ಅವರ ಕಣ್ಣು ತುಂಬಿತು, ನನ್ನದೂ.

ಶಮೀಮ ಚಹಾ ತಂದಿಟ್ಟು, "ನಿನ್ನಿ ಭಾಳ ಅಂಜಿದ್ದೆ ಅಣ್ಣಾರ. ಗುಳಿಗಿ ಕೊಟ್ಟಿದ್ದೆ, ಗಡದ್ದ ನಿದ್ದಿ ಹತ್ತಿತ್ತು ಮಾಮಾಗ. ಕಣ್ಣು ಮುಚ್ಚೇ ಇತ್ತು, ಕೈ ಮಾತ್ರ ನೂಕತಿತ್ತು. ಗಾಬರ್ಯಾಗ ನಿಮಗ ಅದನ್ನ ಹೇಳೂದ ಮರತೆ" ಎಂದಳು.

"ನಿದ್ದ್ಯಾಗ?"

"ಹೂಂರಿ. ಎದ್ದ ಮ್ಯಾಲ ಕೇಳಿದ್ರ ಇಲ್ಲಂತ ತಲಿ ಅಲ್ಲಾಡಿಸಿದ್ರು, ಏನೂ ನೆನಪಿಲ್ಲ."

ಹಿಂದಿನ ದಿನ ಮೊಬೈಲಿನಲ್ಲಿ ತೆಗೆದುಕೊಂಡಿದ್ದ ರೈಫಲ್ಲಿನ ಫೋಟೋಗಳನ್ನು ಹುಸೇನಸಾಬರ ಮುಂದೆ ಹಿಡಿದೆ. ಪೂರ್ತಿ ಕೂಡಿದ್ದು ಒಂದು, ಉಗುರಿನದು ಒಂದು. ಎಡಗೈಯಿಂದ ಫೋನು ಕಸಿದುಕೊಂಡು ಉಗುರಿನ ಫೋಟೋವನ್ನು ಕಣ್ಣಿನ ಹತ್ತಿರ ಒಯ್ದು ಬಹಳ ಹೊತ್ತು ನೋಡಿದರು. ಬಾಯಿಯ ಅರ್ಧ ಭಾಗ ಮಗುವಿನ ಹಾಗೆ ನಕ್ಕಿತು. ಆಮೇಲೆ ಫೋನು ಕೆಳಗಿಟ್ಟು, ಮುಷ್ಟಿ ಮಾಡಿ ಲಿವರಿನಂತೆ ಕೆಳಕ್ಕೆ ನೂಕಿ ಹಿಡಿದು, ಹುಬ್ಬೆತ್ತಿ ನನ್ನತ್ತ ನೋಡಿದರು. ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳುತ್ತಿದ್ದರು.

"ನೀವ ಹೇಳಿದ್ರಲ್ರಿ ಚಾಚಾ, ನಿನ್ನಿ" ಎಂದೆ.

ಅವರ ನಗು ನಿಂತಿತು. ಸೊಸೆಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಇಲ್ಲ ಎಂದು ನಿಧಾನವಾಗಿ ತಲೆಯಾಡಿಸಿ, ತಮ್ಮ ಎಡಗೈಯನ್ನೇ ತಿರುಗಿಸಿ ತಿರುಗಿಸಿ, ಬೇರೆ ಯಾರದೋ ಕೈಯನ್ನು ನೋಡಿದಂತೆ ನೋಡುತ್ತ ಕೂತರು.